ಎಲ್ಲಕ್ಕೂ ‘ರಫ್’ ಅಂದರೆ ಸಾಲದು: ಒರಟು ಮೈ, ಮುರುಕು ಅಂಚುಗಳಿಗೆ ಸರಿಯಾದ ಇಂಗ್ಲಿಷ್ ಪದ ಆರಿಸುವುದು ಹೇಗೆ?

ಒಂದು ವಸ್ತುವನ್ನು ಇಂಗ್ಲಿಷಿನಲ್ಲಿ ವರ್ಣಿಸಿ ಅಂದರೆ ನಮ್ಮ ಮೈಸೂರು, ಮಂಡ್ಯ ಕಡೆಯ ಪಿಯುಸಿ, ಡಿಗ್ರಿ ಮಕ್ಕಳ ಹಾಳೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತದೆ: ರಫ್. ರಸ್ತೆ ರಫ್, ಬಂಡೆ ರಫ್, ಒಡೆದ ಗಾಜು ರಫ್, ಹರಿದ ಟವೆಲ್ ರಫ್, ಅಜ್ಜಿಯ ಕೈಯೂ ರಫ್. ಪೂರ್ತಿ ತಪ್ಪು ಅನ್ನುವ ಹಾಗಿಲ್ಲ. ಆದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಇನ್ನು ಡಿಕ್ಷನರಿ ಹಿಡಿದು ಕಲಿತ ಮಕ್ಕಳ ಕಷ್ಟ ಬೇರೆ. ಜ್ಯಾಗಿಡ್, ರಗಿಡ್, ಕೋರ್ಸ್, ಮೂರರ ಎದುರಿಗೂ ‘ಒರಟಾದ’ ಅಂತ ಬರೆದುಕೊಂಡಿರುತ್ತಾರೆ. ಆಮೇಲೆ ಯಾವುದನ್ನು ಎಲ್ಲಿ ಬೇಕಾದರೂ ಹಾಕುತ್ತಾರೆ. ‘ಜ್ಯಾಗಿಡ್ ರೈಸ್’ ಅಂತ ಬರೆದರೆ ಓದಿದವರಿಗೆ ಏನು ಅರ್ಥವಾಗಬೇಕು?

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಒಂದು ಇಂಗ್ಲಿಷ್ ಪದ, ಅದರ ಮುಂದೆ ಒಂದು ಕನ್ನಡ ಪದ, ಬಾಯಿಪಾಠ ಮಾಡು ಅನ್ನುವ ಪದ್ಧತಿ ಈ ಗುಂಪಿನ ಪದಗಳಿಗೆ ಒಗ್ಗುವುದೇ ಇಲ್ಲ. ಇವನ್ನು ವಸ್ತುವಿನ ಜೊತೆಗೇ ಕಲಿಯಬೇಕು. ವಸ್ತು ಕೈಯಲ್ಲಿ ಹಿಡಿದು ಐದು ಪ್ರಶ್ನೆ ಕೇಳಿಕೊಂಡರೆ ಪದ ತಾನಾಗಿ ಹತ್ತಿರ ಬರುತ್ತದೆ. ಬೇಕಾದ ವಸ್ತುಗಳಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ಅಡುಗೆಮನೆ, ಕಬ್ಬಿನ ಗದ್ದೆ, ದೇವರಾಜ ಮಾರುಕಟ್ಟೆ ಸಾಕು.

ಮೊದಲ ಹೆಜ್ಜೆ: ನೋಡುತ್ತಿರುವುದು ಮೈಯೋ, ಅಂಚೋ?

ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ. ಕೆಲವು ಪದಗಳು ಮೈಗೆ, ಅಂದರೆ ಮೇಲ್ಭಾಗಕ್ಕೆ ಸೇರಿದವು: ರಫ್, ಕೋರ್ಸ್, ಬಂಪಿ, ಪಿಟೆಡ್, ರಿಜ್ಡ್, ಗ್ರೇನಿ. ಕೆಲವು ಅಂಚಿಗೆ ಸೇರಿದವು: ಜ್ಯಾಗಿಡ್, ಸೆರೇಟೆಡ್, ರ‍್ಯಾಗಿಡ್, ಫ್ರೇಡ್, ಸ್ಕ್ಯಾಲಪ್ಡ್, ನಾಚ್ಡ್. ಎರಡೂ ಕಡೆ ಓಡಾಡುವ ಪದಗಳೂ ಇವೆ. ‘ಅನ್‌ಈವನ್’ ಅಂಥದ್ದು. ನೆಲವೂ ಅನ್‌ಈವನ್ ಆಗಬಹುದು, ಕತ್ತರಿಸಿದ ಬಟ್ಟೆಯ ಅಂಚೂ ಆಗಬಹುದು.

ಮಂಡ್ಯದ ಬಕೆಟ್ ಬೆಲ್ಲದ ಒಂದು ಗಟ್ಟಿ ತೆಗೆದುಕೊಳ್ಳಿ. ಬಕೆಟ್ಟಿನ ಗೋಡೆಗೆ ತಾಗಿಕೊಂಡಿದ್ದ ಹೊರಮೈ ಹೆಚ್ಚುಕಡಿಮೆ ನುಣುಪು, ಅದು ಸ್ಮೂತ್. ಕಲ್ಲಿನಿಂದ ಕುಟ್ಟಿ ಒಡೆಯಿರಿ. ಒಡೆದ ಮುಖದಲ್ಲಿ ಸಕ್ಕರೆಯ ಸಣ್ಣ ಹರಳು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಆ ಮೈ ಗ್ರೇನಿ. ಒಡೆದ ತುಂಡಿನ ಸುತ್ತ ಎಲ್ಲೋ ಚೂಪು, ಎಲ್ಲೋ ಮೊಂಡು, ಎಲ್ಲೋ ಒಳಗೆ ತಿಂದ ಹಾಗೆ ಇರುತ್ತದೆ. ಆ ಅಂಚು ಜ್ಯಾಗಿಡ್. ಒಂದೇ ಬೆಲ್ಲದ ತುಂಡಿಗೆ ಮೂರು ಪದ. ಮೂರನ್ನೂ ಸೇರಿಸಿ ‘ರಫ್’ ಅಂದುಬಿಟ್ಟರೆ ಎಷ್ಟೊಂದು ಕಳೆದುಕೊಂಡೆವು ಅಲ್ವಾ?

ಎರಡನೇ ಹೆಜ್ಜೆ: ಅಂಚಿಗೆ ಒಂದು ಕ್ರಮ ಇದೆಯಾ?

ಈ ಹೆಜ್ಜೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಕಬ್ಬಿನ ಗರಿಯನ್ನು ಬೆರಳಲ್ಲಿ ಹಿಡಿದು ನೋಡಿದವರಿಗೆ ಗೊತ್ತು. ಬುಡದಿಂದ ತುದಿಯ ಕಡೆಗೆ ಸವರಿದರೆ ಅಷ್ಟೇನೂ ತೊಂದರೆ ಇಲ್ಲ. ತುದಿಯಿಂದ ಬುಡದ ಕಡೆಗೆ ಎಳೆದರೆ ಚರ್ಮ ಕೊಯ್ದುಹೋಗುತ್ತದೆ. ಗರಿಯ ಅಂಚಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹಲ್ಲುಗಳಿವೆ. ಎಲ್ಲ ಹಲ್ಲೂ ತುದಿಯ ಕಡೆಗೇ ಮುಖ ಮಾಡಿ ಸಾಲಾಗಿ ನಿಂತಿವೆ. ಕಬ್ಬು ಕಡಿಯುವವರು ಆ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕುವುದು ಇದಕ್ಕೇ. ಈ ಅಂಚಿಗೆ ಇಂಗ್ಲಿಷಿನಲ್ಲಿ ಸೆರೇಟೆಡ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಸೆರ್ರಾ’ ಅಂದರೆ ಗರಗಸ. ಅದರಿಂದ ಹುಟ್ಟಿದ ಪದ ಇದು. ಗರಗಸದ ಹಾಗೆ ಹಲ್ಲುಗಳು ಒಂದರ ಪಕ್ಕ ಒಂದು, ಒಂದೇ ಅಳತೆಯಲ್ಲಿ ಇದ್ದರೆ ಅದು ಸೆರೇಟೆಡ್. ಬೇವಿನ ಎಲೆಯ ಅಂಚು ಸೆರೇಟೆಡ್. ಗುಲಾಬಿ ಎಲೆಯದ್ದೂ ಅಷ್ಟೇ. ಬೇಕರಿಯಲ್ಲಿ ಬ್ರೆಡ್ ಕೊಯ್ಯುವ ಚಾಕು ಸೆರೇಟೆಡ್. ಭತ್ತ ಕೊಯ್ಯಲು ಬಳಸುವ, ಹಲ್ಲು ಕಚ್ಚಿದ ಕುಡುಗೋಲೂ ಸೆರೇಟೆಡ್. ಹಲ್ಲಿಲ್ಲದ ಸಾದಾ ಕುಡುಗೋಲಿಗೆ ಈ ಪದ ಹೊಂದುವುದಿಲ್ಲ, ಅದು ಎಷ್ಟೇ ಹರಿತವಾಗಿರಲಿ.

ಜ್ಯಾಗಿಡ್ ಇದಕ್ಕೆ ವಿರುದ್ಧ. ಕಾಂಪೌಂಡ್ ಗೋಡೆಯ ಮೇಲೆ ಸಿಮೆಂಟಿನಲ್ಲಿ ಚುಚ್ಚಿಟ್ಟ ಬಾಟಲಿ ಚೂರುಗಳನ್ನು ನೆನೆಸಿಕೊಳ್ಳಿ. ಒಂದು ಉದ್ದ, ಒಂದು ಗಿಡ್ಡ. ಒಂದು ನೆಟ್ಟಗೆ, ಒಂದು ಓರೆ. ಚೂಪು ಇದೆ, ಲೆಕ್ಕ ಇಲ್ಲ. ಅದು ಜ್ಯಾಗಿಡ್. ಗಟ್ಟಿ ವಸ್ತು ಒಡೆದಾಗ ಅಥವಾ ಮುರಿದಾಗ ಬರುವ ಅಂಚಿಗೆ ಇದು ಮೊದಲ ಆಯ್ಕೆ. ಒಡೆದ ಹೆಂಚು, ಮುರಿದ ಹಲ್ಲು, ಹರಿದ ತಗಡು, ಬಂಡೆ ಸಿಡಿದ ಚೂರು. ದೂರದಿಂದ ಕಾಣುವ ಚೂಪು ಚೂಪಾದ ಹಿಮಾಲಯದ ಶಿಖರಗಳನ್ನೂ ಜ್ಯಾಗಿಡ್ ಅನ್ನುತ್ತಾರೆ. ಸರ್ರನೆ ಏರಿ ಸರ್ರನೆ ಇಳಿಯುವ ಗ್ರಾಫ್ ಗೆರೆಯನ್ನೂ ಅನ್ನುತ್ತಾರೆ.

ಒಂದು ಪರೀಕ್ಷೆ ಮಾಡಿ. ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದಾಗ ಗುಡಿ ನಿಂತಿರುವ ಜಗಲಿಯ ಅಂಚನ್ನು ಗಮನಿಸಿ. 13ನೇ ಶತಮಾನದ ಹೊಯ್ಸಳರ ಗುಡಿ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ತಳವಿನ್ಯಾಸ ನಕ್ಷತ್ರದ ಆಕಾರದ್ದು. ಗೋಡೆಯ ಉದ್ದಕ್ಕೂ ಮೂಲೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುತ್ತದೆ. ಇದನ್ನು ಜ್ಯಾಗಿಡ್ ಅನ್ನಬಹುದಾ? ಬೇಡ. ಮೂಲೆಗಳಿವೆ, ಚೂಪೂ ಇದೆ, ಆದರೆ ಪ್ರತಿ ಮೂಲೆಯನ್ನೂ ಅಳೆದು ಕೆತ್ತಿದ್ದಾರೆ. ಜ್ಯಾಗಿಡ್ ಅಂದುಬಿಟ್ಟರೆ ಎಲ್ಲೋ ಒಡೆದುಹೋಗಿದೆ ಅನ್ನುವ ಅರ್ಥ ಬರುತ್ತದೆ. ಇಲ್ಲಿ ‘ಝಿಗ್‌ಝ್ಯಾಗ್’ ಅಥವಾ ‘ಸ್ಟಾರ್ ಶೇಪ್ಡ್’ ಅನ್ನಬೇಕು. ಅದೇ ಗುಡಿಯ ಕೆತ್ತನೆಯಲ್ಲಿ ಎಲ್ಲಾದರೂ ಕೈ ಮುರಿದ ಶಿಲ್ಪ ಕಂಡರೆ, ಆ ಮುರಿದ ಜಾಗಕ್ಕೆ ಜ್ಯಾಗಿಡ್ ಸರಿಯಾಗಿ ಒಪ್ಪುತ್ತದೆ.

ಕ್ರಮ ಇದ್ದು, ಚೂಪು ಇಲ್ಲದೆ ಅಲೆ ಅಲೆಯಾಗಿ ಬಾಗಿದ್ದರೆ ಸ್ಕ್ಯಾಲಪ್ಡ್. ಶ್ರೀರಂಗಪಟ್ಟಣದ ದರಿಯಾ ದೌಲತ್‌ ಅನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಅದರ ಮರದ ಕಂಬಗಳ ನಡುವಿನ ಕಮಾನುಗಳ ಒಳ ಅಂಚು ನೋಡಿ. ಅರ್ಧಚಂದ್ರದಂಥ ಬಾಗುಗಳು ಒಂದರ ಪಕ್ಕ ಒಂದು ಜೋಡಿಸಿಟ್ಟ ಹಾಗಿವೆ. ಅಂಥ ಅಂಚು ಸ್ಕ್ಯಾಲಪ್ಡ್. ಸ್ಕ್ಯಾಲಪ್ ಅನ್ನುವುದು ಸಮುದ್ರದ ಒಂದು ಚಿಪ್ಪು, ಅದರ ಅಂಚು ಹೀಗೇ ಇರುತ್ತದೆ. ಬ್ಲೌಸಿನ ತೋಳಿಗೆ, ದುಪಟ್ಟಾಗೆ ಬಾಗು ಬಾಗಾಗಿ ಕತ್ತರಿಸಿ ಹೊಲಿಯುತ್ತಾರಲ್ಲ, ಅದಕ್ಕೆ ಟೈಲರುಗಳೂ ಸ್ಕ್ಯಾಲಪ್ ಅಂತಲೇ ಹೇಳುತ್ತಾರೆ.

ಅಂಚೆಚೀಟಿಯ ಅಂಚು ಹಲ್ಲು ಹಲ್ಲಾಗಿ ಕಂಡರೂ ಅದಕ್ಕೆ ಬಳಕೆಯಲ್ಲಿರುವ ಪದ ಪರ್ಫೊರೇಟೆಡ್. ಹಾಳೆಯಲ್ಲಿ ಸಾಲಾಗಿ ತೂತು ಹೊಡೆದು, ಆ ಸಾಲಿನಲ್ಲಿ ಹರಿಯುವುದರಿಂದ ಬಂದ ಅಂಚು ಅದು. ಅಂಚು ಹೇಗೆ ಕಾಣುತ್ತದೆ ಅನ್ನುವುದರ ಜೊತೆಗೆ ಹೇಗೆ ಆಯಿತು ಅನ್ನುವುದನ್ನೂ ಇಂಗ್ಲಿಷ್ ಗಮನಿಸುತ್ತದೆ.

ಮೂರನೇ ಹೆಜ್ಜೆ: ಒಡೆದದ್ದೋ, ಹರಿದದ್ದೋ, ಎಳೆ ಬಿಟ್ಟದ್ದೋ?

ಜ್ಯಾಗಿಡ್ ಮತ್ತು ರ‍್ಯಾಗಿಡ್ ಕಿವಿಗೆ ಅಣ್ಣತಮ್ಮಂದಿರು. ವಸ್ತು ಗಟ್ಟಿಯೋ ಮೆದುವೋ ನೋಡಿದರೆ ಸಾಮಾನ್ಯವಾಗಿ ಬೇರೆ ಮಾಡಬಹುದು.

ಗಾಳಿಗೆ ಸಿಕ್ಕ ಬಾಳೆ ಎಲೆ ನೋಡಿ. ನಂಜನಗೂಡಿನ ರಸಬಾಳೆ ತೋಟವಾಗಲಿ, ಮನೆ ಹಿತ್ತಲಿನ ಒಂದೇ ಗಿಡವಾಗಲಿ, ಆಷಾಢದ ಗಾಳಿ ಬಂತೆಂದರೆ ಅಗಲವಾದ ಎಲೆಯೆಲ್ಲ ಸೀಳಿ ಸೀಳಿ ನೇತಾಡುತ್ತದೆ. ಊಟಕ್ಕೆ ಹಾಕಲು ಒಂದು ನೆಟ್ಟಗಿನ ಎಲೆ ಸಿಗುವುದಿಲ್ಲ. ಆ ಎಲೆಯ ಅಂಚು ರ‍್ಯಾಗಿಡ್. ಮುಟ್ಟಿದರೆ ಚುಚ್ಚುವುದಿಲ್ಲ, ಆದರೆ ಹರಕು, ಏರುಪೇರು. ಬಟ್ಟೆ, ಕಾಗದ, ಎಲೆ, ಮೋಡ, ಎಲ್ಲಕ್ಕೂ ಈ ಪದ ನಡೆಯುತ್ತದೆ. ಹರಕು ಬಟ್ಟೆ ಹಾಕಿದ ಮನುಷ್ಯನನ್ನೂ ರ‍್ಯಾಗಿಡ್ ಅನ್ನಬಹುದು. ಹರಿದ ಕಾಗದದ ಅಂಚು ಚೂಪು ಮೂಲೆಗಳಾಗಿ ಕಂಡರೆ ಅದಕ್ಕೆ ಜ್ಯಾಗಿಡ್ ಅಂದರೂ ತಪ್ಪಲ್ಲ. ಒಡೆದ ಗಾಜಿಗೆ ಮಾತ್ರ ರ‍್ಯಾಗಿಡ್ ಬೇಡ.

ಫ್ರೇಡ್ ಅಂದರೆ ಎಳೆ ಬಿಟ್ಟದ್ದು. ಹಳೇ ಟವೆಲ್ಲಿನ ತುದಿ, ಬಾವಿ ಹಗ್ಗದ ತುದಿ, ಪ್ಯಾಂಟಿನ ಕೆಳಗೆ ನೆಲಕ್ಕೆ ಉಜ್ಜಿ ಉಜ್ಜಿ ಹೋದ ಜಾಗ, ಫೋನ್ ಚಾರ್ಜರ್ ವೈರಿನ ಕುತ್ತಿಗೆ. ನೇಯ್ದ ಅಥವಾ ಹೊಸೆದ ವಸ್ತುವಿಗೇ ಇದು ಮೀಸಲು. ಪ್ಲಾಸ್ಟಿಕ್ ಹಾಳೆ ಹರಿಯಬಹುದು, ಫ್ರೇಡ್ ಆಗುವುದಿಲ್ಲ. ಅದರಲ್ಲಿ ಬಿಡಲು ಎಳೆ ಎಲ್ಲಿದೆ?

ಪಿಂಗಾಣಿ ಕಪ್ಪಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದುಹೋಗಿದ್ದರೆ ಚಿಪ್ಡ್. ಗುರುತಿಗೋ ಹಿಡಿತಕ್ಕೋ ಬೇಕೆಂದೇ ಕಚ್ಚು ಹಾಕಿದ್ದರೆ ನಾಚ್ಡ್. ಇವೆರಡರಲ್ಲಿ ಗೊಂದಲ ಕಡಿಮೆ.

ಈಗ ರಗಿಡ್. ಸ್ಪೆಲ್ಲಿಂಗಿನಲ್ಲಿ ರ‍್ಯಾಗಿಡ್‌ಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಅರ್ಥ ಬಹಳ ದೂರ. ರಗಿಡ್ ಅನ್ನುವುದು ಅಂಚಿಗೆ ಹೇಳುವ ಮಾತೇ ಅಲ್ಲ, ಇಡೀ ಪ್ರದೇಶಕ್ಕೆ ಹೇಳುವ ಮಾತು. ಪಾಂಡವಪುರದ ಕುಂತಿ ಬೆಟ್ಟ ಹತ್ತಿದವರು ನೆನಪು ಮಾಡಿಕೊಳ್ಳಿ. ಬಂಡೆ, ಕೊರಕಲು, ಕುರುಚಲು ಗಿಡ, ಕಾಲಿಗೆ ಸರಿಯಾದ ದಾರಿ ಇಲ್ಲ. ಅದು ರಗಿಡ್ ಟೆರೇನ್. ಈ ಪದದಲ್ಲಿ ಒಂದು ಮೆಚ್ಚುಗೆಯೂ ಸೇರಿದೆ. ಕಷ್ಟದ ಜಾಗ, ಆದರೆ ಗಟ್ಟಿ, ಗಂಭೀರ. ಅದಕ್ಕೇ ಬಿದ್ದರೂ ಒಡೆಯದ ಫೋನಿಗೆ ‘ರಗಿಡ್ ಫೋನ್’ ಅನ್ನುತ್ತಾರೆ, ಗಡುಸು ಮುಖದ ಚೆಲುವನಿಗೆ ‘ರಗಿಡ್ ಲುಕ್ಸ್’ ಅನ್ನುತ್ತಾರೆ. ಅದೇ ಜಾಗಕ್ಕೆ ರ‍್ಯಾಗಿಡ್ ಹಾಕಿದರೆ ಹೊಗಳಿಕೆ ಹೋಗಿ ಹರಕಲು ಬಂದು ಕೂರುತ್ತದೆ.

ಬೆಟ್ಟದ ಮಾತು ಬಂದಾಗ ಕ್ರ್ಯಾಗಿ ಬಗ್ಗೆಯೂ ಹೇಳಬೇಕು. ಕಡಿದಾದ, ಮುಂದಕ್ಕೆ ಚಾಚಿಕೊಂಡ, ಮೂಲೆ ಮೂಲೆಯಾದ ಬಂಡೆಗಳಿಗೆ ಈ ಪದ. ನಮ್ಮ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಕಾಣುವ ಗ್ರಾನೈಟ್ ಗುಂಡುಗಳು ಬಿಸಿಲು ಮಳೆಗೆ ಮೂಲೆ ಸವೆದು ದುಂಡಗಾದವು. ಅವುಗಳಿಗೆ ಕ್ರ್ಯಾಗಿ ಅಷ್ಟು ಒಪ್ಪುವುದಿಲ್ಲ. ‘ರಾಕಿ’ ಅನ್ನಿ, ಅಥವಾ ‘ಕವರ್ಡ್ ವಿತ್ ಬೌಲ್ಡರ್ಸ್’ ಅನ್ನಿ. ಬೆಟ್ಟ ಅಂದ ತಕ್ಷಣ ಕ್ರ್ಯಾಗಿ ಅಂತ ಬರೆಯುವ ಅಭ್ಯಾಸ ಇಂಗ್ಲೆಂಡಿನ ಪಾಠಗಳಿಂದ ಬಂದದ್ದು. ನಮ್ಮ ಬೆಟ್ಟ ನೋಡಿ ಬರೆಯಿರಿ.

ನಾಲ್ಕನೇ ಹೆಜ್ಜೆ: ಒರಟೋ, ದಪ್ಪವೋ?

ರಫ್ ಮತ್ತು ಕೋರ್ಸ್ ನಡುವಿನ ವ್ಯತ್ಯಾಸ ತಿಳಿಯಲು ವಿರುದ್ಧ ಪದ ಕೇಳಿ. ರಫ್‌ಗೆ ವಿರುದ್ಧ ಸ್ಮೂತ್. ಕೋರ್ಸ್‌ಗೆ ವಿರುದ್ಧ ಫೈನ್. ಮುಕ್ಕಾಲು ಪಾಲು ಕೆಲಸ ಇದರಲ್ಲೇ ಆಗುತ್ತದೆ.

ದಿನಸಿ ಅಂಗಡಿಯಲ್ಲಿ ಚಿರೋಟಿ ರವೆ, ಬನ್ಸಿ ರವೆ ಎರಡನ್ನೂ ಅಂಗೈಗೆ ಹಾಕಿಕೊಂಡು ನೋಡಿ. ಚಿರೋಟಿ ಸಣ್ಣ, ಅದು ಫೈನ್. ಬನ್ಸಿ ದಪ್ಪ, ಅದು ಕೋರ್ಸ್. ಬನ್ಸಿಗೆ ‘ರಫ್ ರವೆ’ ಅನ್ನಲಾಗದು. ಕಾಳು, ಪುಡಿ, ಎಳೆಗಳ ಗಾತ್ರದ ಮಾತು ಬಂದಾಗ ಕೋರ್ಸ್. ಕಲ್ಲುಪ್ಪು ಕೋರ್ಸ್ ಸಾಲ್ಟ್. ಮೆಣಸನ್ನು ತರಿತರಿಯಾಗಿ ಕುಟ್ಟಿದರೆ ‘ಕೋರ್ಸ್‌ಲಿ ಗ್ರೌಂಡ್ ಪೆಪ್ಪರ್’. ಅಡುಗೆ ಬರೆಯುವವರು ‘ತರಿತರಿ’ ಅಂತ ಎಲ್ಲೆಲ್ಲಿ ಹೇಳುತ್ತಾರೋ ಅಲ್ಲೆಲ್ಲ ಇಂಗ್ಲಿಷಿನಲ್ಲಿ ಕೋರ್ಸ್ ಹಾಕಿದರೆ ಬಹುತೇಕ ಸರಿಹೋಗುತ್ತದೆ.

ರಫ್ ಹೇಳುವುದು ಮೈ ಮುಟ್ಟಿದಾಗ ಏನಾಯಿತು ಅಂತ. ಕೈ ಜಾರಲಿಲ್ಲ, ತಡೆಯಿತು, ಗೀರಿತು. ಗಿಲಾವು ಮಾಡದ ಇಟ್ಟಿಗೆ ಗೋಡೆ, ಹತ್ತರಿ ಹೊಡೆಯದ ಹಲಗೆ, ಸುವರ್ಣಗೆಡ್ಡೆಯ ಸಿಪ್ಪೆ, ಇವು ರಫ್.

ಎರಡೂ ಒಂದೇ ವಸ್ತುವಿಗೆ ಹೊಂದುವ ಜಾಗ ಬಟ್ಟೆ. ಬದನವಾಳಿನ ಕೈನೂಲಿನ ಖಾದಿ ಇರಲಿ, ಬೇರೆ ಖಾದಿ ಇರಲಿ, ದಪ್ಪ ನೂಲಿನದಾದರೆ ಕೋರ್ಸ್ ಕ್ಲಾತ್. ಹೊಸದರಲ್ಲಿ ಮೈಗೆ ಉಜ್ಜಿದಂತಾದರೆ ರಫ್ ಕೂಡ ಹೌದು. ನಾಲ್ಕಾರು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಆಗ ಅದು ಕೋರ್ಸ್, ಆದರೆ ರಫ್ ಅಲ್ಲ. ಎಳೆ ದಪ್ಪವೇ ಇದೆ, ಒರಟುತನ ಹೋಗಿದೆ. ಈ ಒಂದು ಅಂಗಿ ನೆನಪಿಟ್ಟುಕೊಂಡರೆ ಎರಡು ಪದ ಇನ್ನು ಕಲೆಸಿಹೋಗಲಾರವು.

ಬಡಗಿಯ ಹತ್ತಿರ ಇರುವ ಸ್ಯಾಂಡ್ ಪೇಪರಿನ ಹಿಂದೆ ಒಂದು ನಂಬರ್ ಇರುತ್ತದೆ. 60 ಅಂತ ಇದ್ದರೆ ಕೋರ್ಸ್, 220 ಅಂತ ಇದ್ದರೆ ಫೈನ್. ನಂಬರ್ ಕಡಿಮೆಯಾದಷ್ಟೂ ಹರಳು ದಪ್ಪ. ಮುಟ್ಟಿದರೆ ಎರಡೂ ರಫ್. ಅಂಗಡಿಯಲ್ಲಿ ಮಾತ್ರ ‘ರಫ್ ಪೇಪರ್ ಕೊಡಿ’ ಅಂದರೆ ಮಕ್ಕಳು ಲೆಕ್ಕ ಮಾಡುವ ಹಾಳೆ ಅಂದುಕೊಳ್ಳುತ್ತಾರೆ.

ಕೋರ್ಸ್ ಪದಕ್ಕೆ ‘ಕೀಳು ದರ್ಜೆಯದು’ ಅನ್ನುವ ಛಾಯೆಯೂ ಅಂಟಿಕೊಂಡಿದೆ. ರಾಗಿ, ಜೋಳ, ಸಜ್ಜೆಯನ್ನು ಸರ್ಕಾರಿ ಕಡತಗಳಲ್ಲಿ ಬಹಳ ಕಾಲ ‘ಕೋರ್ಸ್ ಸೀರಿಯಲ್ಸ್’ ಅಂತ ಬರೆಯುತ್ತಿದ್ದರು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅವುಗಳಿಗೆ ‘ನ್ಯೂಟ್ರಿ ಸೀರಿಯಲ್ಸ್’ ಅಂತ ಹೆಸರು ಕೊಟ್ಟಿತು. ಮುದ್ದೆ ಉಂಡು ಬೆಳೆದ ನಮಗೆ ಅದು ಮೊದಲೇ ಆಗಬೇಕಿತ್ತು ಅನ್ನಿಸುತ್ತದೆ. ಭಾಷಣವೋ ಪ್ರಬಂಧವೋ ಬರೆಯುವಾಗ ರಾಗಿಗೆ ಕೋರ್ಸ್ ಹಾಕಬೇಡಿ. ‘ಮಿಲೆಟ್ಸ್’ ಅಂದರೆ ಸಾಕು.

ಗ್ರೇನಿ, ಗ್ರಿಟಿ ಬಗ್ಗೆ ಒಂದೆರಡು ಮಾತು. ಚೆನ್ನಾಗಿ ಕಾಯಿಸಿದ ತುಪ್ಪ ಆರಿದ ಮೇಲೆ ಹರಳು ಹರಳಾಗುತ್ತದಲ್ಲ, ಅದು ಗ್ರೇನಿ. ಒಳ್ಳೆಯ ಅರ್ಥ. ಕತ್ತಲಲ್ಲಿ ತೆಗೆದ ಫೋಟೋ ಚುಕ್ಕೆ ಚುಕ್ಕೆಯಾದರೂ ಗ್ರೇನಿ, ಅಲ್ಲಿ ಕೆಟ್ಟ ಅರ್ಥ. ಸರಿಯಾಗಿ ತೊಳೆಯದ ಸೊಪ್ಪಿನ ಸಾರಿನಲ್ಲಿ ಹಲ್ಲಿಗೆ ಮರಳು ಕಡಿದರೆ ಗ್ರಿಟಿ.

ಐದನೇ ಹೆಜ್ಜೆ: ಉಬ್ಬೋ, ಗುಳಿಯೋ, ಗೆರೆಯೋ?

ಈ ಪಾಠಕ್ಕೆ ತರಕಾರಿ ಬುಟ್ಟಿಗಿಂತ ಒಳ್ಳೆಯ ಪುಸ್ತಕ ಇಲ್ಲ. ಹೀರೆಕಾಯಿ ತೆಗೆದುಕೊಳ್ಳಿ. ಉದ್ದಕ್ಕೂ ಏಣುಗಳಿವೆ. ಏಣು ಅಂದರೆ ರಿಜ್, ಹೀರೆಕಾಯಿ ಇಂಗ್ಲಿಷಿನಲ್ಲಿ ‘ರಿಜ್ ಗೋರ್ಡ್’, ಅದರ ಮೈ ರಿಜ್ಡ್. ಹಾಗಲಕಾಯಿಯ ಮೈಮೇಲೆ ಗುಳ್ಳೆ ಗುಳ್ಳೆ, ಅದು ಬಂಪಿ. ಶುಂಠಿ ಬೆರಳು ಬೆರಳಾಗಿ, ಗೆಣ್ಣು ಗೆಣ್ಣಾಗಿ ಎಲ್ಲೆಂದರಲ್ಲಿ ಉಬ್ಬಿದೆ, ಅದು ನಾಬ್ಲಿ. ಸೀತಾಫಲವೂ ನಾಬ್ಲಿ. ಅಜ್ಜನ ಮೊಣಕಾಲಿಗೂ ಇಂಗ್ಲಿಷರು ಇದೇ ಪದ ಬಳಸುತ್ತಾರೆ. ಕಿತ್ತಳೆ ಸಿಪ್ಪೆಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿವೆ, ಅದು ಪಿಟೆಡ್ ಅಥವಾ ಡಿಂಪಲ್ಡ್. ಬದನೆಕಾಯಿ ಸ್ಮೂತ್, ತೊಟ್ಟು ಮಾತ್ರ ಪ್ರಿಕ್ಲಿ.

ಬಂಪಿ ಮತ್ತು ಲಂಪಿ ಬೇರೆ ಬೇರೆ. ಬಂಪಿ ಮೈಮೇಲೆ, ಲಂಪಿ ಒಳಗೆ. ಹಿಟ್ಟು ಸರಿಯಾಗಿ ಕೂಡದೆ ಮುದ್ದೆಯಲ್ಲಿ ಗಂಟು ಉಳಿದರೆ ಲಂಪಿ. ಹತ್ತಿ ಹಾಸಿಗೆ ಅಲ್ಲಲ್ಲಿ ಉಂಡೆ ಕಟ್ಟಿದರೆ ಲಂಪಿ. ಹಸುಗಳಿಗೆ ಬರುವ ಚರ್ಮಗಂಟು ರೋಗಕ್ಕೆ ಇಂಗ್ಲಿಷಿನಲ್ಲಿ ‘ಲಂಪಿ ಸ್ಕಿನ್ ಡಿಸೀಸ್’ ಅನ್ನುವುದು ಹೈನುಗಾರರಿಗೆಲ್ಲ ಗೊತ್ತು. ಚರ್ಮದಲ್ಲಿ ಗಟ್ಟಿ ಗಂಟುಗಳು ಏಳುವ ವೈರಸ್ ಕಾಯಿಲೆ ಅದು. ರಸ್ತೆ ಮಾತ್ರ ಯಾವತ್ತೂ ಬಂಪಿ. ‘ಬಂಪಿ ರೋಡ್’ ಅಂದರೆ ಗಾಡಿ ಎತ್ತಿ ಹಾಕುವ ರಸ್ತೆ, ‘ಬಂಪಿ ರೈಡ್’ ಅಂದರೆ ಆ ಪ್ರಯಾಣ. ಗುಂಡಿ ಬಿದ್ದ ರಸ್ತೆಗೆ ‘ಪಾಟ್‌ಹೋಲ್ಡ್’ ಅನ್ನಬೇಕು. ಉಬ್ಬಿಗೂ ಗುಂಡಿಗೂ ವ್ಯತ್ಯಾಸ ಇದೆಯಲ್ಲ, ಅರ್ಜಿ ಬರೆಯುವಾಗ ಅದು ಮುಖ್ಯ.

ಗುಳಿಗಳಲ್ಲೂ ಬಗೆಗಳಿವೆ. ಸ್ಟೀಲ್ ಬಿಂದಿಗೆ ಬಿದ್ದು ನೆಗ್ಗಿದರೆ ಡೆಂಟೆಡ್. ತಳ್ಳಿದ್ದಕ್ಕೆ ಒಳಗೆ ಹೋಯಿತು, ಏನೂ ಕಳಚಿಲ್ಲ. ಮೈಯಿಂದ ಚೂರು ಚೂರೇ ಕಿತ್ತುಬಂದು ಗುಳಿಯಾದರೆ ಪಿಟೆಡ್. ತುಕ್ಕು ತಿಂದ ಕಬ್ಬಿಣ ಪಿಟೆಡ್. ರುಬ್ಬುವ ಕಲ್ಲು ಸವೆದು ನುಣುಪಾದಾಗ ಉಳಿಯಿಂದ ಹೊಡೆಸುತ್ತಾರಲ್ಲ, ಹೊಡೆಸಿಕೊಂಡ ಕಲ್ಲಿನ ಮೈ ಪಿಟೆಡ್. ಆ ಗುಳಿಗಳ ಅಂಚಿಗೆ ಸಿಕ್ಕಿಯೇ ಅಕ್ಕಿ ನುಣ್ಣಗಾಗುವುದು. ಗಟ್ಟಿ ಮೈಸೂರು ಪಾಕನ್ನು ಮುರಿದಾಗ ಕಾಣುವ ತೂತುಗಳು ಒಳಗಿನವರೆಗೂ ಇವೆ, ಅದಕ್ಕೆ ಪೋರಸ್ ಅನ್ನಿ. ಇನ್ನೊಂದು ಎಚ್ಚರ. ಅಂಗಡಿಯ ಖರ್ಜೂರದ ಪೊಟ್ಟಣದ ಮೇಲೆ ‘ಪಿಟೆಡ್ ಡೇಟ್ಸ್’ ಅಂತ ಇದ್ದರೆ ಗುಳಿ ಬಿದ್ದ ಖರ್ಜೂರ ಅಂತ ಅರ್ಥವಲ್ಲ, ಬೀಜ ತೆಗೆದದ್ದು ಅಂತ.

ಅಲೆ ಅಲೆಯಾಗಿ, ಒಂದೇ ಅಳತೆಯಲ್ಲಿ ಏರಿಳಿದರೆ ಕಾರುಗೇಟೆಡ್. ದನದ ಕೊಟ್ಟಿಗೆಗೆ ಹಾಕುವ ತಗಡಿನ ಶೀಟು, ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆಯ ಒಳಪದರ. ಹೊಲ, ಗುಡ್ಡ ಹಾಗೆ ನಿಧಾನವಾಗಿ ಏರಿ ಇಳಿದರೆ ಅಂಡ್ಯುಲೇಟಿಂಗ್. ಅಳತೆ ನೋಡಿ ಪದ ಹಾಕಿ. ಶೀಟಿಗೆ ಅಂಡ್ಯುಲೇಟಿಂಗ್, ಗುಡ್ಡಕ್ಕೆ ಕಾರುಗೇಟೆಡ್ ಹಾಕಿದರೆ ಓದುವವರು ತಬ್ಬಿಬ್ಬಾಗುತ್ತಾರೆ.

ಸುಕ್ಕುಗಳಿಗೂ ಹೀಗೇ. ಮುಖದ ಸುಕ್ಕು ರಿಂಕಲ್ಡ್. ಇಸ್ತ್ರಿ ಇಲ್ಲದ ಅಂಗಿಯೂ ರಿಂಕಲ್ಡ್. ಮುದುರಿ ಎಸೆದ ಕಾಗದ ಕ್ರಂಪಲ್ಡ್. ಮಡಿಸಿಟ್ಟ ಗೆರೆ ಉಳಿದರೆ ಕ್ರೀಸ್ಡ್. ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಹತ್ತಿರದಿಂದ ನೋಡಿ. ನೂಲಿಗೆ ಬಿಗಿಯಾಗಿ ಹುರಿ ಹಾಕಿ ನೇಯುವುದರಿಂದ ಮೈಯೆಲ್ಲ ಮರಳಿನಷ್ಟು ಸಣ್ಣ ಮುದುರು. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾದದ್ದು, ಈ ಕ್ರೇಪ್‌ನಿಂದಲೇ ಅದಕ್ಕೆ ಹೆಸರು. ಈ ಮುದುರಿಗೆ ಕ್ರಿಂಕಲ್ಡ್ ಅನ್ನಬೇಕು. ರಿಂಕಲ್ಡ್ ಅಂದರೆ ಇಸ್ತ್ರಿ ಮಾಡಿಲ್ಲ ಅಂದಂತಾಗುತ್ತದೆ, ಸೀರೆಗೂ ನೇಯ್ದವರಿಗೂ ಅನ್ಯಾಯ.

ಹಳೇ ಹುಣಸೆ ಮರದ ಬೊಡ್ಡೆ ತಿರುಚಿಕೊಂಡು, ಗಂಟು ಕಟ್ಟಿಕೊಂಡು ನಿಂತಿರುತ್ತದೆ. ಅದು ನಾರ್ಲ್ಡ್. ಜೀವಮಾನವೆಲ್ಲ ಗುದ್ದಲಿ ಹಿಡಿದ ಕೈಯೂ ನಾರ್ಲ್ಡ್. ರಫ್ ಹ್ಯಾಂಡ್ಸ್ ಅಂದರೆ ಚರ್ಮ ಒರಟು ಅಂತಷ್ಟೇ. ನಾರ್ಲ್ಡ್ ಅಂದರೆ ಗೆಣ್ಣು, ನರ, ವಯಸ್ಸು, ದುಡಿಮೆ ಎಲ್ಲ ಕಾಣುತ್ತದೆ. ಅಜ್ಜಿ ತಾತನ ಬಗ್ಗೆ ಬರೆಯುವಾಗ ಈ ಪದವನ್ನು ಮರೆಯಬೇಡಿ.

ಆರನೇ ಹೆಜ್ಜೆ: ಜೊತೆಗಾರ ಪದ ನೋಡಿ

ಈ ಪದಗಳು ವಸ್ತು ಬಿಟ್ಟು ದನಿಗೆ, ಮಾತಿಗೆ, ಮನಸ್ಸಿಗೂ ಹೋಗುತ್ತವೆ. ಅಲ್ಲಿ ಅರ್ಥ ಊಹಿಸಬೇಡಿ, ಜೋಡಿಯನ್ನೇ ಕಲಿಯಿರಿ. ‘ಕೋರ್ಸ್ ಲ್ಯಾಂಗ್ವೇಜ್’ ಅಂದರೆ ಹೊಲಸು ಮಾತು. ‘ರಫ್ ಎಸ್ಟಿಮೇಟ್’ ಅಂದರೆ ಅಂದಾಜು ಲೆಕ್ಕ. ‘ಫ್ರೇಡ್ ನರ್ವ್ಸ್’ ಅಂದರೆ ತಾಳ್ಮೆ ಎಳೆ ಬಿಟ್ಟ ಸ್ಥಿತಿ. ‘ರ‍್ಯಾಗಿಡ್ ಬ್ರೀದಿಂಗ್’ ಅಂದರೆ ಏದುಸಿರು. ‘ಬಂಪಿ ಸ್ಟಾರ್ಟ್’ ಅಂದರೆ ತೊಡಕಿನ ಆರಂಭ. ನೆಗಡಿ ಬಂದು ಗಂಟಲು ಕಟ್ಟಿದರೆ ದನಿ ‘ಹೋರ್ಸ್’. ಜಲ್ಲಿ ಕಲ್ಲಿನ ಹಾಗೆ ಗಡಸು, ಆಳದ ದನಿ ‘ಗ್ರ್ಯಾವೆಲಿ’. ಇವನ್ನು ಅದಲು ಬದಲು ಮಾಡಿದರೆ ವ್ಯಾಕರಣ ಸರಿಯಿದ್ದರೂ ಇಂಗ್ಲಿಷ್ ಅನ್ನಿಸುವುದಿಲ್ಲ. ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳಲ್ಲಿ ಅರ್ಥದ ಕೆಳಗೆ ಉದಾಹರಣೆ ವಾಕ್ಯ ಇರುತ್ತದೆ. ಅರ್ಥಕ್ಕಿಂತ ಮೊದಲು ಅದನ್ನು ಓದಿ.

ಬಾಯಲ್ಲಿ ಹೇಳುವಾಗ

ಜ್ಯಾಗಿಡ್, ರ‍್ಯಾಗಿಡ್, ರಗಿಡ್ ಮೂರರಲ್ಲೂ ಕೊನೆಯ ‘ಇಡ್’ ಬಿಡಿಸಿ ಹೇಳಬೇಕು. ‘ಜ್ಯಾಗ್ಡ್’ ಅಂತ ನುಂಗಬಾರದು. ಫ್ರೇಡ್, ರಿಜ್ಡ್, ಚಿಪ್ಡ್, ನಾರ್ಲ್ಡ್ ಇವುಗಳಲ್ಲಿ ಬಿಡಿಸಬಾರದು. ‘ಫ್ರೇಯೆಡ್’, ‘ಚಿಪ್ಪೆಡ್’ ಅನ್ನುವುದು ನಮ್ಮಲ್ಲಿ ಬಹಳ ಕೇಳಿಸುತ್ತದೆ. ಸೆರೇಟೆಡ್, ಡೆಂಟೆಡ್, ಪಿಟೆಡ್ ಇವು ‘ಟಿ’ ಆದಮೇಲೆ ಬರುವುದರಿಂದ ಬಿಡಿಸಲೇಬೇಕು. ನಾರ್ಲ್ಡ್ ಬರೆಯುವಾಗ ಮೊದಲು ‘ಜಿ’ ಇದೆ, ನಾಬ್ಲಿಗೆ ‘ಕೆ’ ಇದೆ, ರಿಂಕಲ್ಡ್‌ಗೆ ‘ಡಬ್ಲ್ಯು’ ಇದೆ. ಮೂರೂ ಬಾಯಲ್ಲಿ ಬರುವುದಿಲ್ಲ. ಒರಟು ಅನ್ನುವ ಕೋರ್ಸ್‌ಗೆ ಸ್ಪೆಲ್ಲಿಂಗ್ ಸಿ-ಓ-ಎ-ಆರ್-ಎಸ್-ಇ. ಕಾಲೇಜಿನಲ್ಲಿ ಸೇರುವ ಕೋರ್ಸ್‌ಗೆ ನಡುವೆ ‘ಎ’ ಬದಲು ‘ಯು’. ಕಿವಿಗೆ ಎರಡೂ ಒಂದೇ, ಅದಕ್ಕೇ ಬರೆಯುವಾಗ ಜೋಪಾನ.

ಕೈಯಲ್ಲಿ ಹಿಡಿದು ಅಭ್ಯಾಸ

ದಿನಕ್ಕೆ ಒಂದು ವಸ್ತು ಸಾಕು. ಒಂದೊಂದಕ್ಕೂ ಎರಡು ಇಂಗ್ಲಿಷ್ ವಾಕ್ಯ ಬರೆಯಿರಿ. ಒಂದು ಮೈಗೆ, ಒಂದು ಅಂಚಿಗೆ. ಬರೆದ ಮೇಲೆ ‘ರಫ್’ ಎಲ್ಲೆಲ್ಲಿ ಬಂದಿದೆ ನೋಡಿ, ಅದನ್ನು ತೆಗೆದು ಬೇರೆ ಪದ ಕೂರುತ್ತದಾ ಪರೀಕ್ಷಿಸಿ. ಕೂರದಿದ್ದರೆ ರಫ್ ಹಾಗೇ ಇರಲಿ, ಅದೂ ಒಳ್ಳೆಯ ಪದವೇ. ಏನೂ ತೋಚದಿದ್ದರೆ ‘ಅನ್‌ಈವನ್’ ಹಾಕಿ. ಅದರಿಂದ ಚಿತ್ರ ಮೂಡದಿದ್ದರೂ ತಪ್ಪಂತೂ ಆಗುವುದಿಲ್ಲ.

ಶುರು ಮಾಡಲು ಕೆಲವು ಇಲ್ಲಿವೆ. ತುರಿಮಣೆಯ ಹಲ್ಲು: ಸೆರೇಟೆಡ್. ಹಳೇ ಸೀರೆಯ ಸೆರಗಿನ ತುದಿ: ಫ್ರೇಡ್. ಇಲಿ ಕಡಿದ ಗೋಣಿಚೀಲದ ತೂತಿನ ಸುತ್ತ: ರ‍್ಯಾಗಿಡ್. ಬೆಂಡೆಕಾಯಿ: ಉದ್ದಕ್ಕೆ ರಿಜ್ಡ್, ಮುಟ್ಟಿದರೆ ಸಣ್ಣ ರೋಮ ಇರುವುದರಿಂದ ಫಝಿ. ಹಲ್ಲಿರುವ ಕುಡುಗೋಲಿನಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು ಮುರಿದಿದ್ದರೆ? ಕ್ರಮ ಕೆಟ್ಟಿತು, ಆ ಭಾಗ ಈಗ ಜ್ಯಾಗಿಡ್. ಒಡೆದ ತೆಂಗಿನ ಚಿಪ್ಪು ಸ್ವಲ್ಪ ಕಷ್ಟದ್ದು, ಮೂರು ಪದ ಬೇಡುತ್ತದೆ. ನಾರು ಉಳಿದ ಹೊರಮೈಗೆ ಫೈಬ್ರಸ್, ಒಡೆದ ಅಂಚಿಗೆ ಜ್ಯಾಗಿಡ್. ಒಳಗಿನ ಕಾಯಿಯನ್ನು ಮೊದಲು ಮುಟ್ಟಿ ನೋಡಿ, ಆಮೇಲೆ ತುರಿದು ಮುಟ್ಟಿ ನೋಡಿ. ಎರಡಕ್ಕೂ ಪದ ನೀವೇ ಹುಡುಕಿ.